ತಳ ಕಾಣಬಾರ್ದು

ನನಗ ಈಗ ಕುಂದ್ರಾಕ ಬರೂದಿಲ್ಲ. ನಗಬ್ಯಾಡ್ರಿ, ಖರೇನ ಹೇಳಾಕತ್ತೀನಿ. ಕುಂತ್ರ ಕಾಲು ತಾವಾಗೇ ಕುಣೀತಾವ. ನಿಂತು ಉಣ್ತೀನಿ, ನಿಂತು ಚಾ ಕುಡೀತೀನಿ, ಟೀವಿ ಸುದ್ದಾ ಅತ್ತಾಗ ಇತ್ತಾಗ ಅಡ್ಡಾಡಕೋತ ನೋಡ್ತೀನಿ. ಹ್ವಾದ ಸಲ ಬಬಲೇಶ್ವರಕ್ಕ, ನನ್ನ ತವರಮನಿಗೆ, ಒಂದು ಮದವಿಗೆ ಹೋಗಿದ್ದೆ. ಊಟದ ಪಂಕ್ತ್ಯಾಗ ಕುಂತು ಅರ್ಧಾ ಹೋಳಿಗಿ ತಿನ್ನೂದ್ರಾಗ ಎದ್ದು ನಿಂತುಬಿಟ್ಟೆ. ಮಗ್ಗಲದಾಗ ಕುಂತಿದ್ದ ನಮ್ಮವ್ವ ಸೆರಗು ಹಿಡದು ಜಗ್ಗಿ, "ಏನಾಗೈತಿ ಬೇ ನಿನಗ? ಯಾರ ಬೆನ್ನ ಹತ್ಯಾರ?" ಅಂದ್ಲು. ಯಾರಂತ ಹೇಳ್ಲಿ? ಅವತ್ತ ಕಿವ್ಯಾಗ ಏನೂ ಹಾಕ್ಕೊಂಡಿದ್ದಿಲ್ಲ, ಆದ್ರೂ "ದಯವಿಟ್ಟು ವೇಗವನ್ನು ಹೆಚ್ಚಿಸಿ" ಅಂತ ಕೇಳಿಸ್ತಿತ್ತು.

ಆ ದನಿ ನಮ್ಮ ಗೋದಾಮಿಂದು. ವಿಜಯಪುರದಾಗ ಸೊಲ್ಲಾಪುರ ರಸ್ತಾದ ಮ್ಯಾಲ ಗ್ಯಾರೇಜು, ಟೈರಿನ ಅಂಗಡಿ ದಾಟಿ ಹ್ವಾದ್ರ ತಗಡಿನ ದೊಡ್ಡ ಶೆಡ್ ಐತಿ. ಮಂದಿ ಮನ್ಯಾಗ ಕುಂತು ಫೋನಿನ್ಯಾಗ ಒತ್ತಿದ ರವಾ, ಬ್ಯಾಳಿ, ಸಾಬಾಣ ಎಲ್ಲಾ ಇಲ್ಲಿಂದನ ಹೋಗತಾವ. ಊರಾಗಷ್ಟ ಅಲ್ಲ, ಟೆಂಪೋದಾಗ ತಿಕೋಟಾಕ್ಕ, ಬಬಲೇಶ್ವರಕ್ಕ ಸುದ್ದಾ. ನಮ್ಮ ಕೆಲಸ ಅಂದ್ರ ರ‍್ಯಾಕಿನ ಖಾನೆದಾಗಿಂದ ಸಾಮಾನು ತಗದು ಬುಟ್ಟಿಗೆ ಹಾಕೂದು. ಕೈಗೆ ಒಂದು ಸಣ್ಣ ಮಶೀನು ಕಟ್ಟಿರತಾರ, ಕಿವ್ಯಾಗ ಒಂದು ಗುಂಡಿ. ಯಾವ ಖಾನೆ, ಎಷ್ಟು ತಗೀಬೇಕು, ಎಲ್ಲಾ ಕಿವ್ಯಾಗ ಹೇಳ್ತೈತಿ. ಹೆಣ್ಣಿನ ದನಿ, ಸಾಲ್ಯಾಗ ಪಾಠಾ ಓದಿಧಂಗ ಕನ್ನಡ. ಹಿಂಗಾಗಿ ನಾವೆಲ್ಲಾ ಅದಕ್ಕ ಅಕ್ಕೋರು ಅಂತ ಹೆಸರಿಟ್ಟಿದ್ವಿ, ಸಾಲಿ ಕಲಸೂ ಅಕ್ಕೋರು.

ಅಕ್ಕೋರು ಶ್ಯಾಣ್ಯಾಕಿ, ಸುಳ್ಳ ಯಾಕ ಹೇಳ್ಲಿ. ಮೊದಮೊದಲ ನಾ ಬೆರಗಾಗಿದ್ದೆ. ಹೋಳಿ ಹುಣ್ಣಿವಿ ಇನ್ನೂ ದೂರ ಇರೂದ್ರಾಗ ಬೆಲ್ಲ, ಕಡ್ಲಿಬ್ಯಾಳಿ ಹಿಂದಿನ ರ‍್ಯಾಕಿನಿಂದ ಮುಂದ ತರಿಸಿ ಇಡಸ್ತಿದ್ಲು. ಬಬಲೇಶ್ವರದ ಮಂದಿ ಯಾವಾಗ ಹೋಳಿಗಿ ಮಾಡ್ತಾರಂತ ನನಗಿಂತ ಆಕಿಗೆ ಗೊತ್ತು! ನನ್ನ ತವರಿನ ಸುದ್ದಿ ನನಗ ಹೇಳಾಕ ಇವಳ್ಯಾರು ಅಂತ ಸಿಟ್ಟೂ ಬರ್ತಿತ್ತು. ಯಾರೂ ಕಲಿಸಿಲ್ಲ, ನಾವು ಮಾಡೂದು ನೋಡಿ ನೋಡಿ ತಾನ ಕಲೀತೈತಿ ಅಂತ ಸೂಪರ್‌ವೈಜರ್ ಹೇಳಿದ್ದ. ಅಂವಾ ನಮ್ಮ ಬಬಲೇಶ್ವರದ ಕಡೆಯಾಂವನ, ಹೊಸದಾಗಿ ಮದವಿ ಆದಾಂವ, ಮೆತ್ತನ್ನ ಮನಿಷ್ಯಾ. ನಮ್ಮನ್ನೆಲ್ಲಾ ಕಾಕೂ ಅಂತ ಕರೀತಿದ್ದ.

ಅಕ್ಕೋರು ನಮ್ಮ ನಡಿಗಿನೂ ಕಲ್ತಿದ್ಲು. ಒಂದೀಟು ನಿಂತ್ರ ಸಾಕು, "ನಿಮ್ಮ ಆರೋಗ್ಯ ಸರಿಯಿದೆಯೇ?" ಅಂತ ಕೇಳ್ತಿದ್ಲು. ಮೊದಲನೇ ಸಲ ಕೇಳಿದಾಗ ನನ್ನ ಕಣ್ಣಾಗ ನೀರು ಬಂದಿದ್ವು. ಯಾರ ಕೇಳ್ತಾರ್ರಿ ನಮ್ಮನ್ನ ಹಂಗ? ಆಮ್ಯಾಲ ಗೊತ್ತಾತು, ನಡೀ ಅನ್ನಾಕ ಅದೊಂದು ನಮೂನಿ ಅಂತ. ಹೂಂ ಅಂತ ಒತ್ತಿದ್ರ ಮುಂದ ಓಡಬೇಕು. ನಾ ಓಡ್ತಿದ್ದೆ. ಎಲ್ಲಾರಕ್ಕಿಂತ ಜಲ್ದಿ ನಂದ ಕೈ ಅಂತ ಗ್ವಾಡಿ ಮ್ಯಾಲಿನ ಪರದೆದಾಗ ನನ್ನ ನಂಬರ್ ಮ್ಯಾಲ ಬರ್ತಿತ್ತು, ಮತ್ತ ನನಗ ಅದರ ಸೊಕ್ಕೂ ಇತ್ತು.

ಆ ಸೊಕ್ಕಿನ್ಯಾಗನ ನನ್ನ ನಾದ್ನಿಗೆ ಅಲ್ಲೆ ಕೆಲಸಾ ಕೊಡಸಿದೆ. ನಾದ್ನಿ ಅಂದ್ರ ನನ್ನ ಗಂಡನ ತಂಗಿ. ಮೊದಲ ನಾವಿಬ್ರೂ ತಿಕೋಟಾದಾಗ ಮಣೂಕದ ಶೆಡ್ಡಿಗೆ ಹೋಗತಿದ್ವಿ. ದ್ರಾಕ್ಷಿ ಒಣಗಿಸಿ ಮಣೂಕ ಮಾಡೂ ಸುಗ್ಗ್ಯಾಗ ಹೆಂಗಸ್ರೆಲ್ಲಾ ದುಂಡಗ ಕುಂತು, ಬಂಗಾರ ಬಣ್ಣದ್ದು ಬ್ಯಾರೆ, ಕರೇದು ಬ್ಯಾರೆ ಆರಸೂ ಕೆಲಸಾ. ಕೈ ಆರಸ್ತಿತ್ತು, ಬಾಯಿ ಊರಿನ ಸುದ್ದಿ ಆರಸ್ತಿತ್ತು. ಸುಗ್ಗಿ ಮುಗದ್ರ ಕೆಲಸಾನೂ ಮುಗೀತು. ನಮ್ಮ ಯಜಮಾನರು ಸೊಲ್ಲಾಪುರ ರಸ್ತಾದಾಗ ಗ್ಯಾರೇಜಿಗೆ ಹತ್ತಿದ ಮ್ಯಾಲ ನಾವು ವಿಜಯಪುರಕ್ಕ ಬಂದ್ವಿ. ನಾದ್ನಿ ಗಂಡ ತೀರಕೊಂಡ ಮ್ಯಾಲ ಆಕೀನೂ ಮಗಳನ್ನ ಕರಕೊಂಡು ಬಂದ್ಲು. ಮಗಳು ಇಲ್ಲೆ ಕಾಲೇಜಿಗೆ ಹೋಗತಾಳ, ನರ್ಸ್ ಆಗಬೇಕಂತಾಳ.

ನಮ್ಮ ಮನ್ಯಾಗ ಇರು ಅಂತ ಎಷ್ಟ ಹೇಳಿದ್ರೂ ಕೇಳ್ಲಿಲ್ಲ. "ಅಣ್ಣನ ಮನಿ ಹಬ್ಬಕ್ಕ ಛಲೋ ವೈನಿ, ದಿನಾ ಅಲ್ಲ" ಅಂದು ಒಂದು ಖೋಲಿ ಹಿಡದ್ಲು. ಒಂದ ಕಿಟಕಿ, ಒಂದು ಮೋರಿ. ಆದ್ರ ಬಾಗಲಾ ತನ್ನದು, ಕೀಲಿ ತನ್ನದು. ಆ ಕೀಲೀನ ಕೊಳ್ಳಾಗಿನ ದಾರಕ್ಕ ಕಟಗೊಂಡು ತಿರಗತಿದ್ಲು. ಗೋದಾಮಿನ ಕೆಲಸಾ ಇದ್ರ ಖೋಲಿ ಇತ್ತು, ಕೆಲಸಾ ಹ್ವಾದ್ರ ಖೋಲೀನೂ ಹೋಗತಿತ್ತು. ಅಷ್ಟ ಲೆಕ್ಕ.

ಒಂದಿನ ಸೂಪರ್‌ವೈಜರ್ ನನ್ನನ್ನ ಆಚೀಕಡೆ ಕರದು, "ಕಾಕೂ, ನಿಮ್ಮ ನಾದ್ನಿಯವ್ರು ಕಳುವು ಮಾಡ್ತಾರೇನ್ರಿ?" ಅಂತ ಅಂಜಕೋತ ಅಂಜಕೋತ ಕೇಳಿದ. ನನ್ನ ಮೈ ಉರದು ಹೋತು. "ನಾಲಿಗಿ ಬಿಗಿಹಿಡದು ಮಾತಾಡಪಾ! ಮಂದಿ ಹೊಲದಾಗಿನ ಕಡ್ಲಿಗಿಡಾ ಸುದ್ದಾ ಮುಟ್ಟಿದಾಕಿ ಅಲ್ಲ ಆಕಿ" ಅಂದೆ. ಅಂವಾ ಪರದೆ ತೋರಿಸಿದ. ಖಾನೆದಾಗ ಕಡೀಕ ಒಂದ ಪಾಕೀಟು ಉಳದಾಗ ಅದನ್ನ ತಗೀ ಅಂತ ಅಕ್ಕೋರು ಹೇಳಿದ್ರ, ನಾದ್ನಿ "ಇಲ್ಲ" ಅಂತ ಒತ್ತಾಳ. ಬ್ಯಾರೆ ಹೆಂಗಸನ್ನ ಕಳಸಿದ್ರ ಅಲ್ಲೆ ಒಂದು ಇರತೈತಿ. ಮತ್ತ ಮತ್ತ ಇದ ಕತಿ. ಅಕ್ಕೋರು ಇದನ್ನ ಕಲ್ತು, ಆಮ್ಯಾಲ ಒಯ್ಯಾಕಂತ ಉಳಸ್ತಾಳ ಅಂತ ಈಕಿ ಮ್ಯಾಲ ಕೆಂಪು ಗೆರಿ ಎಳದುಬಿಟ್ಟಿದ್ಲು. "ಇನ್ನೊಂದ ಸಲ ಹಿಂಗಾದ್ರ ಗೇಟಿನ ಕಾರ್ಡ್ ಬಂದ್ ಆಗತೈತ್ರಿ, ಕೆಲಸಾ ಹೋಗತೈತಿ. ಬಂದ್ ಮಾಡೂದು ನಾ ಅಲ್ಲ, ಅದ" ಅಂದ.

ಹೊರಗ ಬಂದವಳಿಗೆ ನಗೂನೂ ಬಂತು, ಅಳೂನೂ ಬಂತು. ಯಾಕಂದ್ರ ನನಗ ನೋಡಿದ ಕೂಡ್ಲೆ ತಿಳೀತು. ನಮ್ಮ ಕಡೆ ಹೆಂಗಸ್ರು ಯಾವ್ದನ್ನೂ ತಳ ಕಾಣೂವಂಗ ಬರಿದು ಮಾಡೂದಿಲ್ಲ. ಜ್ವಾಳದ ಚೀಲಿರಲಿ, ಹಿಟ್ಟಿನ ಡಬ್ಬಿ ಇರಲಿ, ಒಂದು ಹಿಡಿ ತಳದಾಗ ಬಿಟ್ಟು ಮ್ಯಾಲ ಹೊಸಾದು ಸುರೀತೀವಿ. ಮಗ್ಗಲ ಮನಿಯವ್ರು ಪಲ್ಯಾ ಹಾಕಿ ಕೊಟ್ಟ ಬಟ್ಟಲಾ ತಿರುಗಿ ಕೊಡೂ ಮುಂದ ನಾಕು ಕಾಳು ಸಕ್ರಿನರೆ ಹಾಕಿ ಕೊಡ್ತೀವಿ. ಗೋದಾಮಿಗೆ ಬಂದ ಹೊಸತ್ನ್ಯಾಗ ನಾವೆಲ್ಲಾರೂ ಖಾನೆ ಬರಿದು ಮಾಡಾಕ ಕೈ ಹಿಂದ ಮುಂದ ಮಾಡ್ತಿದ್ವಿ. ಆಮ್ಯಾಲ ಮರತ್ವಿ. ಓಡೂ ಕೈಗೆ ತಳ ಎಲ್ಲಿ ಕಾಣತೈತ್ರಿ? ನಾದ್ನಿ ಮಾತ್ರ ಮರತಿದ್ದಿಲ್ಲ.

ಅವತ್ತ ಸಂಜಿಮುಂದ ಆಕಿ ಖೋಲಿಗೆ ಹೋಗಿ ಬಾಯಿಗೆ ಬಂದಂಗ ಬೈದೆ. "ಅದೇನ ನಿಮ್ಮಪ್ಪ ಜ್ವಾಳ ತುಂಬಿಟ್ಟ ಹಗೇವು ಅನ್ಕೊಂಡೀಯೇನ? ಮಂದಿ ಮಾಲು, ಮಂದಿ ಖಾನೆ! ಬರಿದಾದ್ರ ಅವರದಾಗತೈತಿ, ನಿನಗೇನು?" ಆಕಿ ರೊಟ್ಟಿ ಬಡ್ಯಾಕತ್ತಿದ್ಲು. ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕಿ, ನನ್ನ ಮಾರಿ ನೋಡದನ ಹೇಳಿದ್ಲು.

"ಅವರು ಹೋಗೂ ಹಿಂದಿನ ದಿನ ಹಿಟ್ಟಿನ ಡಬ್ಬಿಗೆ ನುಸಿ ಹತ್ತಿತ್ತು ವೈನಿ. ಪೂರಾ ಝಾಡಿಸಿ, ತೊಳದು, ಬಿಸಲಿಗೆ ಬ್ವಾರಲ ಹಾಕಿದ್ದೆ. ಮರುದಿನ ಮುಂಜಾನೆ ಎದಿ ಹಿಡಕೊಂಡು ಕುಂತವರು ಏಳಲೇ ಇಲ್ಲ. ಡಬ್ಬಿ ಇನ್ನೂ ಬಿಸಲಾಗ ಇತ್ತು."

ಇಷ್ಟ ವರ್ಷದಾಗ ಈ ಮಾತು ನನಗ ಹೇಳಿದ್ದಿಲ್ಲ. ಆದ್ರ ನನ್ನ ಬಾಯಿ ನಿಮಗ ಗೊತ್ತಲ್ಲ, ಅದು ನಿಲ್ಲೂದಿಲ್ಲ. "ಡಬ್ಬಿ ತೊಳದ್ರ ಗಂಡ ಸಾಯ್ತಾನೇನ ಹುಚ್ಚಿ?" ಅಂದೆ.

"ನನಗೂ ಗೊತ್ತೈತಿ" ಅಂದ್ಲು. "ನನಗ ಗೊತ್ತಿದ್ದು ಕೈಗೆ ತಿಳೀಬೇಕಲ್ಲ?"

ಮಗಳು ಮೂಲ್ಯಾಗ ಪುಸ್ತಕಾ ಹಿಡಕೊಂಡು ಕುಂತಿತ್ತು, ತಲಿ ಎತ್ತಲಿಲ್ಲ. ನಾ ಕುಂದ್ರಲಾರದ ಬಾಗಲದಾಗಿಂದ ಮೋರಿತನಕ, ಮೋರಿಯಿಂದ ಬಾಗಲದತನಕ ಅಡ್ಡಾಡಿದೆ. ಕಡೀಕ, "ನಾಳಿಂದ ಕಣ್ಣ ಮುಚ್ಚಿಕೊಂಡು ತಗೀ. ಖೋಲಿ ಬೇಕೋ ಬ್ಯಾಡೋ?" ಅಂದೆ. ಆಕಿ ಕೊಳ್ಳಾಗಿನ ಕೀಲಿ ಮುಟ್ಟಿ ನೋಡಿಕೊಂಡ್ಲು. ಹೂಂ ಅಂದ್ಲು.

ಮರುದಿನದಿಂದ ಖರೇನ "ಇಲ್ಲ" ಅಂತ ಒತ್ತೂದು ನಿಂತು ಹೋತು. ಕಡೀ ಪಾಕೀಟೂ ತಗೀತಿದ್ಲು, ಬುಟ್ಟಿಗೆ ಹಾಕತಿದ್ಲು, ಮುಂದ ಹೋಗತಿದ್ಲು. ಸೂಪರ್‌ವೈಜರ್ ನನ್ನ ನೋಡಿ ಬೆರಳೆತ್ತಿ ತೋರಿಸಿ ನಕ್ಕ. ಕೆಂಪು ಗೆರಿ ತಿಳಿಯಾಗಕೋತ ಬಂತು. ನನಗೂ ಹಗುರಾತು. ಅಂತೂ ನನ್ನ ಬೈಗಳಕ್ಕ ಕಿಮ್ಮತ್ತೈತಿ ಅಂತ ಅನ್ಕೊಂಡೆ.

ಆಮ್ಯಾಲ ಬಂದವು ನೋಡ್ರಿ ಇಲಿ.

ಖರೇ ಇಲಿ ಅಲ್ಲ. ರ‍್ಯಾಕಿನ ಮ್ಯಾಲೆಲ್ಲಾ ಕ್ಯಾಮೆರಾ ಅದಾವ, ಯಾವ ಖಾನೆ ಖಾಲಿ, ಯಾವ್ದು ತುಂಬೈತಿ ಅಂತ ಅಕ್ಕೋರಿಗೆ ತೋರಸ್ತಾವ. ಒಂದಿನ ಮುಂಜಾನೆ ಪರದೆ ತುಂಬಾ ಹಳದಿ ಚುಕ್ಕಿ. ಖಾಲಿ ಖಾನೆದೊಳಗ ಇಲಿ ಹಿಕ್ಕಿ ಐತಿ, ಇಡೀ ಸಾಲು ಬಂದ್ ಮಾಡ್ರಿ ಅಂತ ಅಕ್ಕೋರ ಹುಕುಂ. ಇಲಿ ಹಿಡಿಯಾಕ ಮಂದಿ ಬಂದ್ರು, ಮಾರಿಗೆ ಮಾಸ್ಕು, ಕೈಯಾಗ ಬ್ಯಾಟ್ರಿ. ಅಂಟು ಹಚ್ಚಿದ ರಟ್ಟು ಇಟ್ರು. ರಟ್ಟಿಗೆ ನಮ್ಮ ಸೂಪರ್‌ವೈಜರನ ಬೂಟು ಅಂಟಿಕೊಂಡಿತ್ತೇ ಹೊರತು ಒಂದ ಇಲಿ ಸಿಗಲಿಲ್ಲ. ತಿಕೋಟಾಕ್ಕ ಹೋಗೂ ಟೆಂಪೋ ಖಾಲಿ ನಿಂತಿತ್ತು, ಡ್ರೈವರ್ ಹಾರ್ನ್ ಹೊಡದು ಹೊಡದು ನಮ್ಮ ತಲಿ ಮಸರ ಗಡಗಿ ಮಾಡಿದ.

ಆ ಇಲಿ ಹಿಡಿಯೂ ಮಂದ್ಯಾಗ ಒಬ್ಬ ವಯಸ್ಸಾದಾಂವ ಒಂದು ಹಿಕ್ಕಿ ಚಿಮಟಿಗಿಲೆ ಎತ್ತಿದ, ಬ್ಯಾಟ್ರಿ ಹಾಕಿ ನೋಡಿದ, ಮೂಸಿದ. ಆಮ್ಯಾಲ ಮಾಸ್ಕ್ ಸರಿಸಿ ಬಾಯಾಗ ಹಾಕ್ಕೊಂಡುಬಿಟ್ಟ! ಹೆಂಗಸ್ರೆಲ್ಲಾ "ಯಪ್ಪಾ!" ಅಂತ ಮಾರಿ ಮುಚ್ಚಿಕೊಂಡ್ರು. ಅಂವಾ ಅಗದು ನುಂಗಿ, "ಮಣೂಕ ಐತಲೇ ಇದು. ತಿಕೋಟಾದ್ದ, ಕರೇದು" ಅಂದ.

ಶೆಡ್ಡಿಗೆ ಶೆಡ್ಡ ಹೊಟ್ಟಿ ಹಿಡಕೊಂಡು ನಕ್ಕಿತು. ನಾ ನಗಲಿಲ್ಲ. ನನ್ನ ಕಣ್ಣು ನಾದ್ನಿ ಚಂಚಿ ಮ್ಯಾಲ ಹೋಗಿತ್ತು. ಎಲಿ ಅಡಿಕಿ ಇಡೂ ಬಟ್ಟಿ ಚೀಲ, ಯಾವಾಗಲೂ ಟೊಂಕದಾಗ ಸಿಗಿಸಿಕೊಂಡಿರತಾಳ. ಒಳಗ ಹೋಗಾಗ ಯಾರೂ ತಡವಿ ನೋಡೂದಿಲ್ಲ, ಹೊರಗ ಬರಾಗ ಅಷ್ಟ ನೋಡ್ತಾರ. ಕಡೀ ಪಾಕೀಟು ತಗದ ಕೈಲೇನ ಚಂಚ್ಯಾಗಿನ ಒಂದು ಮಣೂಕ ತಳದಾಗ ಬಿಟ್ಟು ಬರ್ತಿದ್ಲು. ಖಾನೆ ಬರಿದಾಗಲಿಲ್ಲ, ಅಕ್ಕೋರ ಮಾತೂ ಮೀರಲಿಲ್ಲ.

ಸೂಪರ್‌ವೈಜರನ ಕಣ್ಣೂ ಅಲ್ಲೇ ಹೋಗಿತ್ತು. ಎಷ್ಟಂದ್ರೂ ಬಬಲೇಶ್ವರದಾಂವ, ಅವನ ಮನ್ಯಾಗೂ ಹಿಟ್ಟಿನ ಡಬ್ಬಿ ಇರತೈತಿ. ಹಿಂಗ್ಯಾಕಾತು ಅಂತ ಅಕ್ಕೋರಿಗೆ ಉತ್ತರಾ ಕೊಡಬೇಕಿತ್ತು. ಪರದೆದಾಗ ಇದ್ದ ಉತ್ತರಾನ ಆರಿಸಿಕೋಬೇಕು, ಬ್ಯಾರೆ ಬರ‍್ಯಾಕ ಜಾಗಾ ಇಲ್ಲ. ಪಾಕೀಟು ಹರಿದಿತ್ತು ಅಂತ ಒತ್ತಿದ. ಆಮ್ಯಾಲ ನಾದ್ನಿಗೆ ಕೈ ಮುಗದು, "ಕಾಕೂ, ಇನ್ನ ಮ್ಯಾಲ ಖಾನೆದಾಗ ಒಂದು ಸಾಸಿವಿ ಕಾಳು ಸುದ್ದಾ ಬಿಡಬ್ಯಾಡ್ರಿ. ನನ್ನ ಕೆಲಸಾನೂ ಹೋಗತೈತಿ" ಅಂದ. ನಾದ್ನಿ ಮಾರಿ ಸಣ್ಣದು ಮಾಡಿಕೊಂಡು, "ಬಿಡೂದಿಲ್ಲಪಾ, ನಿನ್ನ ಹೊಟ್ಟಿ ತಣ್ಣಗಿರಲಿ" ಅಂದ್ಲು. ಚಂಚಿ ಬಿಚ್ಚಿ ಮಣೂಕ ಅವನ ಕೈಯಾಗ ಸುರವಿದ್ಲು. ಸುರವಿದ ಮ್ಯಾಲ ಚಂಚ್ಯಾಗ ಒಂದು ಉಳದೈತೋ ಇಲ್ಲೋ ಅಂತ ಬೆರಳು ಹಾಕಿ ನೋಡಿಕೊಂಡ್ಲು, ನಾ ಕಂಡೆ.

ಮಾತು ಉಳಿಸಿಕೊಂಡ್ಲು ಆಕಿ. ಅದಾದ ಮ್ಯಾಲ ಯಾವ ಖಾನೆದಾಗೂ ಏನೂ ಸಿಗಲಿಲ್ಲ. ಆದ್ರ ಒಂದಿನ ಆಕಿ ಸಾಲಿನಿಂದ ಹಾದು ಹೋಗಾಗ ನೋಡ್ತೀನಿ, ಕಡೀ ಪಾಕೀಟು ತಗದು ಬುಟ್ಟ್ಯಾಗ ಇಟ್ಟು, ತಿರುಗಿ ಕೈ ಒಳಗ ಹಾಕ್ಯಾಳ. ಅಂಗೈ ತಳಕ್ಕ ಊರಿ ನಿಂತಾಳ. ಸುಮ್ನ. ಒಂದ ಉಸರಿನಷ್ಟು. ತಳದಾಗ ಬಿಡಾಕ ಬ್ಯಾರೇನೂ ಇದ್ದಿಲ್ಲ, ತನ್ನ ಕೈಯನ್ನ ಬಿಟ್ಟಿದ್ಲು. ಆಮ್ಯಾಲ ಆ ಕೈಯನ್ನ ತಿರುಗಿ ತಗೊಂಡು ಮುಂದಿನ ಖಾನೆಗೆ ಹ್ವಾದ್ಲು.

ನಾ ಓಡೂ ಹೆಂಗಸು, ನನಗ ಗೊತ್ತು: ಹಂಗ ಖಾನೆ ಖಾನೆಗೆ ನಿಂತ್ರ ಸಂಜೀತನಕ ಎಷ್ಟ ನಿಂತಂಗಾತು? "ಬ್ಯಾಡ ಬೇ, ಅದೂ ಬ್ಯಾಡ" ಅಂತ ಹಾದ್ಯಾಗ ಬೇಡಿಕೊಂಡೆ. "ಅಷ್ಟೂ ಬ್ಯಾಡಂದ್ರ ಹ್ಯಾಂಗ ವೈನಿ" ಅಂದ್ಲು. ಸಿಟ್ಟಿಗೆ ನಾ ಎರಡು ದಿನಾ ಮಾತು ಬಿಟ್ಟೆ.

ಅಕ್ಕೋರು ಕಲೀಯಾಕ ತಡಾ ಮಾಡಲಿಲ್ಲ. ನಿಂತ ಕೂಡ್ಲೆ ಆಕಿ ಕಿವ್ಯಾಗ, ನಿಮ್ಮ ಆರೋಗ್ಯ ಸರಿಯಿದೆಯೇ? ಮತ್ತ ಮುಂದಿನ ಖಾನೆದಾಗ, ನಿಮ್ಮ ಆರೋಗ್ಯ ಸರಿಯಿದೆಯೇ? ನಾದ್ನಿ ಹೂಂ ಅಂತ ಒತ್ತತಿದ್ಲು. ಪರದೆದಾಗ ಕೆಂಪು ಗೆರಿ ಮತ್ತ ಎದ್ದಿತು. ಯಾಕ ನಿಧಾನ ಅಂತ ಕೇಳಿ ಸೂಪರ್‌ವೈಜರನ ಮುಂದ ಅದ ನಾಕು ಉತ್ತರಾ ಬಂದು ನಿಲ್ಲತಿದ್ವು: ಮಶೀನು ಕೆಟ್ಟೈತಿ, ಪಾಯಖಾನಿಗೆ ಹೋಗ್ಯಾರ, ಆರಾಮ ಇಲ್ಲ, ಕೆಲಸಾ ತಪ್ಪಸ್ತಾರ. ಖಾನೆ ಬರಿದಾಗಬಾರ್ದು ಅಂತ ಕೈ ಇಡ್ತಾರ ಅನ್ನೂದು ಅದರಾಗ ಎಲ್ಲಿರಬೇಕು? ಅಂವಾ ಪಾಪ, ಆಕಿಗೆ ಧಕ್ಕಿ ಆಗಬಾರ್ದಂತ ಪ್ರತಿಸಲ ಆರಾಮ ಇಲ್ಲ ಅಂತ ಒತ್ತಿದ. ಪ್ರತಿಸಲ. ನನಗ ಬಂದು ಹೇಳಿ, "ಏನೂ ಆಗೂದಿಲ್ಲ ಕಾಕೂ, ನಾ ಸಂಭಾಳಸ್ತೀನಿ" ಅಂದ. ನಾನೂ ನಂಬಿದೆ.

ಒಂದು ಸೋಮವಾರ ಮುಂಜಾನೆ ಇಬ್ರೂ ಕೂಡೇ ಗೇಟಿಗೆ ಬಂದ್ವಿ. ನಾ ಕಾರ್ಡ್ ತೋರಿಸಿದೆ, ಹಸರ ದೀಪ, ಗೇಟು ತಗೀತು. ನಾ ಒಳಗ. ಆಕಿ ಕಾರ್ಡ್ ತೋರಿಸಿದ್ಲು, ಕೆಂಪು. ಕಾರ್ಡಿನ ಮಾರಿ ಸೆರಗಿಲೆ ಒರಸಿ ಮತ್ತ ತೋರಿಸಿದ್ಲು. ಗೇಟಿನ ಡಬ್ಬಿಯೊಳಗಿಂದ ಅಕ್ಕೋರ ದನಿ ಬಂತು, ಎಷ್ಟು ನಯಾ, ಎಷ್ಟು ಅಂತಃಕರುಣಾ: "ನಿಮ್ಮ ಆರೋಗ್ಯದ ಹಿತದೃಷ್ಟಿಯಿಂದ ನಿಮ್ಮನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ದಯವಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ."

ಸೂಪರ್‌ವೈಜರ್ ಓಡಿ ಬಂದ. ಅವನ ಮಾರಿ ಬಿಳಿಚಿತ್ತು. ಫೋನ್ ಹಚ್ಚಿದ, ಒಬ್ಬರಿಗೆ, ಇನ್ನೊಬ್ಬರಿಗೆ. ಎಲ್ಲಾರೂ ಅದ ಮಾತು, ಸಿಸ್ಟಮ್ ತಗದೈತಿ, ನಮ್ಮ ಕೈಯಾಗಿಲ್ಲ. "ನಾನ ಒತ್ತಿದ್ನಲ್ಲ ಕಾಕೂ, ಉಳಸಾಕಂತ ಒತ್ತಿದ್ದೆ" ಅಂತ ನನ್ನ ಮುಂದ ಕಣ್ಣೀರು ತಗದ. ಯಾರನ್ನ ಬೈಲಿ? ನಾ ಗೇಟಿನ ಡಬ್ಬಿಗೆ ಬೈದೆ, ನನ್ನ ಜನ್ಮದಾಗ ಕಲ್ತ ಬೈಗಳೆಲ್ಲಾ ಬೈದೆ. "ನಿನ್ನ ಬಾಯಾಗ ಮಣ್ಣ ಹಾಕ, ಆಕಿಗೇನಾಗೈತಿ? ಗುಂಡಕಲ್ಲಿನಂಗ ಅದಾಳ!" ಅಂತ ಒದರಿದೆ.

ನಾದ್ನಿ ಗೇಟಿನ ಆಚೀಕಡೆ ನಿಂತು, "ನೀ ಹೋಗ ವೈನಿ, ನಿನಗ ತಡಾ ಆಗತೈತಿ" ಅಂದ್ಲು. ಕೈ ಕೊಳ್ಳಾಗಿನ ಕೀಲಿ ಮ್ಯಾಲಿತ್ತು.

ಆಮ್ಯಾಲ ಖೋಲಿ ಹೋತು. ಈಗ ತಾಯಿ ಮಗಳು ನಮ್ಮ ಮನ್ಯಾಗ ಅದಾರ. ಆಕಿ ಸುಗ್ಗ್ಯಾಗ ಭೂತನಾಳದ ಕಡೆ ಹೊಲದ ಕೆಲಸಕ್ಕ ಹೋಗತಾಳ, ಉಳದ ದಿನ ನಮ್ಮ ಅಡಗಿ ಮನ್ಯಾಗ ಸಪ್ಪಳಿಲ್ಲದ ಅಡ್ಡಾಡ್ತಾಳ, ಬೀಗರ ಮನಿಗೆ ಬಂದಾಕೀ ಹಂಗ. ಕೊಳ್ಳಾಗ ಬರೀ ದಾರ ಐತಿ. ಅದನ್ನ ನೋಡಿದಾಗೆಲ್ಲಾ ನಾ ಹೊರಗ ಹೋಗಿಬಿಡ್ತೀನಿ. ಆದ್ರ ನಾ ಹೇಳಬೇಕಂದಿದ್ದು ಆ ಸೋಮವಾರದ ಮಾತು.

ಒಳಗ ಹ್ವಾದೆ ನಾನು. ಹೋಗಲಿಲ್ಲಂದ್ರ ನಂದೂ ಹೋಗತಿತ್ತು. ಗುಂಡಿ ಕಿವ್ಯಾಗ ಹಾಕ್ಕೊಂಡೆ. ಅಕ್ಕೋರು ನನ್ನನ್ನ ಸೀದಾ ನಾದ್ನಿ ಸಾಲಿಗೆ ಕಳಸಿದ್ಲು, ಇವತ್ತಿನಿಂದ ಈ ಸಾಲೂ ನಿಮ್ಮದು ಅಂತ. ಎಲ್ಲಾರಕ್ಕಿಂತ ಜಲ್ದಿ ಕೈ ನಂದಲ್ಲ? ಮೊದಲನೇ ಖಾನೆ ಜ್ವಾಳದ ಹಿಟ್ಟಿಂದು. ಒಂದ ಪಾಕೀಟು ಉಳದಿತ್ತು. ತಗದೆ, ಬುಟ್ಟ್ಯಾಗ ಹಾಕಿದೆ. ತಗಡಿನ ತಳ ಬೆಳ್ಳಗ ಕಾಣತಿತ್ತು. ಎಷ್ಟ ವರ್ಷದಿಂದ ಇಂಥಾ ತಳ ನೋಡಿಲ್ಲ ನಾನು, ದಿನಾ ನೋಡ್ತಿದ್ರೂ.

ನನ್ನ ಕೈ ಒಳಗ ಹೋತು. ನಾ ಹಾಕಲಿಲ್ಲ, ಅದ ಹೋತು. ಅಂಗೈ ಊರಿದೆ. ತಣ್ಣಗಿತ್ತು, ಮೂಲ್ಯಾಗ ಒಂದೀಟು ಹಿಟ್ಟು ಬೆರಳಿಗೆ ಹತ್ತಿತು. ಮಗ್ಗಲ ಸಾಲಿನ್ಯಾಗ ಹೆಂಗಸ್ರು ಓಡಾಕತ್ತಿದ್ರು, ಹೊರಗ ಬಬಲೇಶ್ವರದ ಟೆಂಪೋ ಹಾರ್ನ್ ಹೊಡೀತಿತ್ತು.

"ನಿಮ್ಮ ಆರೋಗ್ಯ ಸರಿಯಿದೆಯೇ?" ಅಂದ್ಲು ಅಕ್ಕೋರು.

ನಾ ಏನೂ ಒತ್ತಲಿಲ್ಲ. ಆಕಿ ಮತ್ತ ಕೇಳಿದ್ಲು. ಇರು ಬೇ, ಅಂದೆ. ಆಗ ನನ್ನ ಕಾಲ ಕಡೆ ಲಕ್ಷ್ಯ ಹೋತು. ಕುಣೀತಿದ್ದಿಲ್ಲ, ಎರಡೂ ನೆಲಾ ಊರಿ ನಿಂತಿದ್ವು.